ಪಾಂಪಿ ಮರೆತ ಸಾಲು

ಪ್ರೀತಿಯ ತಮ್ಮ,

ಹಳೇ ಕೌಬಾಯ್ ಸಿನಿಮಾಗಳ ಮೇಲೆ ನೀನು ಬರೆದ ಲೇಖನವನ್ನು ಎರಡು ಸಲ ಓದಿದೆ. ಪಟ್ಟ ಶ್ರಮ ಕಾಣುತ್ತದೆ. ಆದರೆ ಯಾವ ಚಿತ್ರದಲ್ಲಿ ಎಷ್ಟು ಕಪ್ಪು ಜನ, ಎಷ್ಟು ಮೆಕ್ಸಿಕನ್ನರು, ಎಷ್ಟು ರೆಡ್ ಇಂಡಿಯನ್ನರು ಅಂತ ತಲೆ ಎಣಿಸುತ್ತಾ ಹೋಗಿದ್ದೀಯ. ಅದು ಜನಗಣತಿಯವರ ಕೆಲಸ. ಕೊನೆಗೆ ಎಲ್ಲವೂ ಜನಾಂಗದ್ವೇಷದ ಚಿತ್ರಗಳು ಅಂತ ಷರಾ ಬರೆದು ಮುಗಿಸಿದ್ದೀಯ. ಸುಳ್ಳಲ್ಲ ಬಿಡು. ಆದರೆ ಅಷ್ಟು ನಿನಗೆ ಸಿನಿಮಾ ನೋಡುವ ಮೊದಲೇ ಗೊತ್ತಿತ್ತು, ಅಲ್ವಾ? ಮತ್ತೆ ನೋಡಿದ್ದು ಯಾಕೆ?

ನಿರ್ದೇಶಕ ಜಾನ್ ಫೋರ್ಡ್‌ನ 1962ರ 'ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲನ್ಸ್' ತಗೋ. ಅದರಲ್ಲಿ ಕಪ್ಪು ನಟ ವುಡಿ ಸ್ಟ್ರೋಡ್ ಮಾಡಿದ ಪಾಂಪಿಯ ಪಾತ್ರವನ್ನು 'ನಿಷ್ಠಾವಂತ ಆಳು' ಅಂತ ಎರಡೇ ಪದದಲ್ಲಿ ದಾಟಿಬಿಟ್ಟಿದ್ದೀಯ. ಆ ಪಾಠದ ದೃಶ್ಯವನ್ನು ಇನ್ನೊಂದು ಸಲ ನೋಡು. ವಕೀಲನಾದ ಜೇಮ್ಸ್ ಸ್ಟುವರ್ಟ್ ಊರಿನ ದೊಡ್ಡವರಿಗೂ ಮಕ್ಕಳಿಗೂ ಒಟ್ಟಿಗೆ ಪಾಠ ಹೇಳುತ್ತಿದ್ದಾನೆ. ಪಾಂಪಿ ಎದ್ದು ನಿಲ್ಲುತ್ತಾನೆ. ಎತ್ತರದ ಆಳು, ಹಿಂದೆ ಗೋಡೆಯ ಮೇಲೆ ಗುಲಾಮಗಿರಿ ತೊಲಗಿಸಿದ ಲಿಂಕನ್ ಚಿತ್ರ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಬಾಯಿಪಾಠ ಒಪ್ಪಿಸುತ್ತಾ ಒಂದು ಕಡೆ ತಡವರಿಸುತ್ತಾನೆ. ಮರೆತಿರುವುದು ಎಲ್ಲ ಮನುಷ್ಯರೂ ಸಮಾನರು ಎನ್ನುವ ಸಾಲನ್ನೇ! ಪರವಾಗಿಲ್ಲ, ಆ ಭಾಗವನ್ನು ಬಹಳ ಜನ ಮರೆಯುತ್ತಾರೆ ಅನ್ನುತ್ತಾನೆ ಮೇಷ್ಟ್ರು. ಅಷ್ಟರಲ್ಲಿ ಪಾಂಪಿಯ ಯಜಮಾನನಾದ ಜಾನ್ ವೇನ್ ಒಳಗೆ ಬಂದು ಪಾಂಪಿಯನ್ನು ಕೆಲಸಕ್ಕೆ ಕಳಿಸಿಬಿಡುತ್ತಾನೆ. ಪಾಠ ಅಲ್ಲಿಗೇ ನಿಂತಿತು. ಮುಂದೆ ಊರಿನವರು ಹೆಂಡದಂಗಡಿಯೊಳಗೆ ಸೇರಿ ಓಟು ಹಾಕುವಾಗ ಪಾಂಪಿ ಕೋವಿ ಹಿಡಿದು ಹೊರಗೆ ಕೂತಿರುತ್ತಾನೆ. ಅವನನ್ನು ಅಲ್ಲಿ ಕೂರಿಸಿದ್ದು ಫೋರ್ಡ್. ಬೇಕಂತಲೇ ಕೂರಿಸಿದ್ದು ಅಂತ ನನ್ನ ಅಂದಾಜು.

ಅದೇ ಫೋರ್ಡ್ ಅದಕ್ಕೂ ಆರು ವರ್ಷ ಮೊದಲು, 'ದಿ ಸರ್ಚರ್ಸ್'ನಲ್ಲಿ, ರೆಡ್ ಇಂಡಿಯನ್ನರ ಕಮಾಂಚಿ ಬುಡಕಟ್ಟಿನ ನಾಯಕ ಸ್ಕಾರ್‌ನ ಪಾತ್ರವನ್ನು ಕೊಟ್ಟಿದ್ದು ಬರ್ಲಿನ್‌ನಲ್ಲಿ ಹುಟ್ಟಿದ ಹೆನ್ರಿ ಬ್ರ್ಯಾಂಡನ್‌ಗೆ. ಅವನದು ನೀಲಿ ಕಣ್ಣು. ಸುತ್ತ ನಿಂತ ನವಾಹೋ ಎಂಬ ಬೇರೆ ಬುಡಕಟ್ಟಿನ ಜನ, ಅರಿಜೋನಾ-ಯೂಟಾ ಗಡಿಯ ತಮ್ಮದೇ ಮಾನ್ಯುಮೆಂಟ್ ವ್ಯಾಲಿಯಲ್ಲಿ ಕಮಾಂಚಿಗಳಾಗಿ ನಟಿಸಿದರು. ಕಥೆ ನಡೆಯುವುದೋ ಟೆಕ್ಸಾಸ್‌ನಲ್ಲಿ. ಇದನ್ನು ನೀನು ಬೈದಿದ್ದೀಯ, ಸರಿ. ಆದರೆ ವೇನ್ ಸ್ಕಾರ್‌ಗೆ ನಿನಗೆ ಇಂಗ್ಲಿಷ್ ಕಲಿಸಿದ್ದು ಯಾರು ಅಂತ ಕೇಳಿದರೆ, ಸ್ಕಾರ್ ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾನೆ: ನಿನಗೆ ಕಮಾಂಚಿ ಕಲಿಸಿದ್ದು ಯಾರು? ಬೈಯುವ ಭರದಲ್ಲಿ ಈ ಏಟು ನಿನಗೆ ಕೇಳಿಸಲೇ ಇಲ್ಲ.

'ಹೈ ನೂನ್' ಯಾಕೆ ಬಿಟ್ಟೆ? 1952ರಲ್ಲಿ ಮೆಕ್ಸಿಕೋದ ಕೇಟಿ ಹುರಾಡೊ ಅದರಲ್ಲಿ ಸ್ವಂತ ಅಂಗಡಿ ಇಟ್ಟ ಹೆಂಗಸು. ಹಳೇ ಗೆಳೆಯನ ಜೊತೆ ಒಂದೆರಡು ಮಾತು ಸ್ಪ್ಯಾನಿಷ್‌ನಲ್ಲಿ ಆಡುತ್ತಾಳೆ. ಅರ್ಥವಾಗದವರು ಸುಮ್ನೆ ಅವಳ ಮುಖ ನೋಡಬೇಕು, ಅಷ್ಟೇ.

ಇನ್ನೊಂದು ವಿಷಯ. ಪ್ರೇಕ್ಷಕನನ್ನೂ ಬರಹದೊಳಗೆ ತಾ. ಬೆಂಗಳೂರಿನ ಟಾಕೀಸಿನಲ್ಲಿ ಕಹಳೆ ಊದಿ ಬಿಳಿಯರ ಕುದುರೆಪಡೆ ಬಂದಾಗ ನಾನೂ ಶಿಳ್ಳೆ ಹಾಕಿದವನೇ. ಸಾಯುತ್ತಿದ್ದವರ ಮೈಬಣ್ಣ ನಮ್ಮದೇ ಅಂತ ಹೊಳೆಯಲು ಎಷ್ಟೋ ವರ್ಷ ಬೇಕಾಯಿತು. ಅದರಲ್ಲೂ ಎಷ್ಟೋ ಜನರದ್ದು ಮೇಕಪ್ಪಿನವರು ಹಚ್ಚಿದ ಬಣ್ಣ, ಅದು ಬೇರೆ ಮಾತು.

ಪಟ್ಟಿಯನ್ನು ತೆಗೆದುಹಾಕು. ಹೊರಗೆ ಕೋವಿ ಹಿಡಿದು ಕೂತಿದ್ದಾನಲ್ಲ ಪಾಂಪಿ, ಅಲ್ಲಿಂದ ಶುರು ಮಾಡಿ ಬರೆದು ಕಳಿಸು. ಈ ಸಲ ಸ್ವಲ್ಪ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗಿ, ನನ್ನ ಕಣ್ಣು ಮೊದಲಿನಂತಿಲ್ಲ.

ನಿನ್ನ,
ಅಣ್ಣ