ಕಾಫಿ ಲೋಳೆಯ ಒಳಗೂ ಒಮ್ಮೆ ನೋಡಿ

ಸಂಪಾದಕರೇ,

ಜೆಲ್ ಒಳಗೆ ಹೊಳೆಯುವ ನ್ಯಾನೊ ಕಣ ಸೇರಿಸಿ ಅಲ್ಲಿ ಏನು ಬದಲಾಗುತ್ತಿದೆ ಅಂತ ನೋಡುವ ವಿಜ್ಞಾನದ ಬಗ್ಗೆ ಯಾರೇ ಬರೆದರೂ ಔಷಧಿ, ಕ್ಯಾನ್ಸರ್ ಅಂತಲೇ ಬರೆಯುತ್ತಾರೆ. ಬರೆಯಲಿ. ಆದರೆ ನಮ್ಮ ಮೂಡಿಗೆರೆ, ಸಕಲೇಶಪುರದ ಕಡೆ ಕೊಯ್ಲಿನ ಕಾಲದಲ್ಲಿ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಪಕ್ಕದ ತೊಟ್ಟಿಯಲ್ಲಿ ಇರುವುದೂ ಜೆಲ್ಲೇ ಅಲ್ವಾ? ಅರೇಬಿಕಾ ಹಣ್ಣಿನ ಸಿಪ್ಪೆ ಹೋದ ಮೇಲೆ ಬೀಜಕ್ಕೆ ಅಂಟಿರುವ ಲೋಳೆ ಅಂದರೆ ಪೆಕ್ಟಿನ್ ಅನ್ನುವ ಹಣ್ಣಿನ ಅಂಟು ನೀರು ಹಿಡಿದು ಕಟ್ಟಿದ ಮೆತ್ತನೆಯ ಜಾಲ.

ತೊಟ್ಟಿಯಲ್ಲಿ ಹುದುಗಿ ಆ ಲೋಳೆ ಕರಗಿತೋ ಇಲ್ಲವೋ ಅಂತ ಇವತ್ತಿಗೂ ಕೈಯಲ್ಲೇ ನೋಡುವುದು. ಉಜ್ಜಿದಾಗ ಜಾರದೆ ತರಿತರಿ ಅನ್ನಿಸಿದರೆ ತೊಳೆಯಬಹುದು. ಚಳಿ ಜಾಸ್ತಿ ಇದ್ದರೆ ತಡವಾಗುತ್ತದೆ, ಹೊತ್ತು ಮೀರಿದರೆ ಹುಳಿ ವಾಸನೆ ಹತ್ತಿ ಕಾಫಿಯ ರುಚಿಯೇ ಕೆಡುತ್ತದೆ.

ಕಣಗಳ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಒಂದು ಮಿಲಿಮೀಟರ್‌ಗೆ 10 ಲಕ್ಷ ನ್ಯಾನೊಮೀಟರ್, ಈ ಕಣಗಳು ಅದರಲ್ಲಿ ಕೆಲವೇ ನ್ಯಾನೊಮೀಟರ್‌ನಿಂದ ನೂರರವರೆಗೆ ಇರುತ್ತವೆ. ಜಾಲ ಬಿಗಿಯಿದ್ದರೆ ಕಣ ಇದ್ದಲ್ಲೇ ಅಲುಗುತ್ತದೆ, ಸಡಿಲವಾದಂತೆ ದೂರ ಹೋಗುತ್ತದೆ, ಆ ಓಡಾಟವನ್ನು ಮೈಕ್ರೋಸ್ಕೋಪಿನಲ್ಲಿ ಹಿಂಬಾಲಿಸಿದರೆ ಒಳಗೆ ಎಲ್ಲಿ, ಎಷ್ಟು ಕರಗಿದೆ ಅಂತ ಲೆಕ್ಕ ಹಾಕಬಹುದು. ಇನ್ನು ಕೆಲವು ಬಣ್ಣದ ಅಣುಗಳು ಸುತ್ತ ಸಡಿಲವಿದ್ದರೆ ತಿರುಚಿಕೊಂಡು ಶಕ್ತಿ ಕಳೆದುಕೊಂಡು ಮಂಕಾಗುತ್ತವೆ, ಬಿಗಿಯಲ್ಲಿ ಸಿಕ್ಕಿಕೊಂಡರೆ ಹೊಳೆಯುತ್ತವೆ.

ಸುಮ್ನೆ ಹೊಳಪು ನೋಡಿ ನಂಬುವ ಹಾಗಿಲ್ಲ. ಲೋಳೆ ಹುಳಿಯಾದಂತೆ ಆ ಹುಳಿಗೇ ಹೊಳಪು ಬದಲಾಗಬಹುದು. ಬೆಳಕು ಬಿದ್ದೂ ಬಿದ್ದೂ ಬಣ್ಣವೂ ಸಾಯುತ್ತದೆ. ಅದಕ್ಕೇ ಬದಲಾಗುವ ಬಣ್ಣದ ಜೊತೆ ಅಷ್ಟಾಗಿ ಬದಲಾಗದ ಇನ್ನೊಂದು ಬಣ್ಣ ಇಟ್ಟು ಒಂದಕ್ಕೊಂದು ಹೋಲಿಸುವುದುಂಟು. ಪೆಕ್ಟಿನ್‌ನದು ಋಣ ವಿದ್ಯುದಂಶ, ಧನ ವಿದ್ಯುದಂಶದ ಕಣ ಹಾಕಿದರೆ ಅದಕ್ಕೇ ಅಂಟಿ ಕೂತುಬಿಡಬಹುದು, ಆಗ ಓಡಾಟದ ಲೆಕ್ಕವೂ ತಪ್ಪುತ್ತದೆ.

ಇದನ್ನು ತೊಟ್ಟಿಗೆ ಸುರಿಯಿರಿ ಅಂತ ಖಂಡಿತ ಹೇಳುತ್ತಿಲ್ಲ. 2023ರ ನೊಬೆಲ್ ಬಂತಲ್ಲ, ಆ ಕ್ವಾಂಟಮ್ ಡಾಟ್ ಅನ್ನುವ ಹೊಳೆಯುವ ನ್ಯಾನೊ ಕಣಗಳಲ್ಲಿ ಹಲವದರಲ್ಲಿ ಕ್ಯಾಡ್ಮಿಯಂ ಇರುತ್ತದೆ, ಅದು ವಿಷ. ನಮ್ಮ ತೋಟದ ಹಳ್ಳಗಳು ಹೇಮಾವತಿಗೋ ಭದ್ರೆಗೋ ಸೇರುವಂಥವು. ಒಂದು ಚಮಚ ಲೋಳೆ ಲ್ಯಾಬಿಗೆ ಹೋದರೆ ಸಾಕು, ಅಲ್ಲೂ ಇಂಗಾಲದಿಂದ ಮಾಡಿದ ಹೊಳೆಯುವ ಕಣ, ಅಂದರೆ ಕಾರ್ಬನ್ ಡಾಟ್‌ನಂಥದ್ದನ್ನೇ ಬಳಸಿ ನೋಡಲಿ.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯವರು ಮತ್ತು ಹಾಸನ, ಚಿಕ್ಕಮಗಳೂರಿನ ಕಾಲೇಜುಗಳ ಭೌತಶಾಸ್ತ್ರದವರು ಕೂತು ಮಾತಾಡಿದರೆ ಒಳ್ಳೆ ಪ್ರಾಜೆಕ್ಟ್ ಆಗುತ್ತದೆ. ತೊಟ್ಟಿಗೆ ಕೈ ಹಾಕಿ 'ಆಯ್ತು' ಅನ್ನುವ ಕೆಲಸದವರ ಹೊತ್ತನ್ನೂ ಪಕ್ಕದಲ್ಲೇ ಬರೆದಿಟ್ಟುಕೊಳ್ಳಲಿ, ಯಂತ್ರದ ಲೆಕ್ಕಕ್ಕೆ ಎಷ್ಟು ತಾಳೆಯಾಗುತ್ತದೆ ನೋಡೋಣ. ಲೋಳೆ ನಾವು ಕೊಡುತ್ತೇವೆ.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು