ಹಸನ್‌ಕೇಫ್ ಹೆಸರಿನಲ್ಲಿರುವುದು ಹಸನನಲ್ಲ, ಬಂಡೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆಗ್ನೇಯ ತುರ್ಕಿಯ ಹಸನ್‌ಕೇಫ್ ಪಟ್ಟಣದ ಬಗ್ಗೆ ಪ್ರಕಟವಾದ ಪ್ರವಾಸ ಲೇಖನವನ್ನು ಆಸಕ್ತಿಯಿಂದ ಓದಿದೆ. ಟೈಗ್ರಿಸ್ ನದಿಯ ದಂಡೆಯ ಈ ಪುಟ್ಟ ಊರಿನ ಸುದ್ದಿ ಕನ್ನಡದಲ್ಲಿ ಬರುವುದೇ ಅಪರೂಪ, ಅದಕ್ಕಾಗಿ ಲೇಖಕರಿಗೆ ಕೃತಜ್ಞನಾಗಿದ್ದೇನೆ. ಆದರೆ ಅದರಲ್ಲಿ ಎರಡು ತಪ್ಪುಗಳಿದ್ದು, ಅವುಗಳನ್ನು ತಿದ್ದದೆ ಬಿಟ್ಟರೆ ಆ ಊರಿಗೆ ಅನ್ಯಾಯವಾಗುತ್ತದೆ ಎಂದು ನನಗೆ ಅನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲನೆಯದು ಹೆಸರಿನ ವಿಚಾರ. ‘ಹಸನ್’ ಎಂಬಾತನ ‘ಕೇಫ್’, ಅಂದರೆ ಹಸನನ ಉಲ್ಲಾಸ, ಎಂದು ಲೇಖಕರು ಊರಿನ ಹೆಸರನ್ನು ಬಿಡಿಸಿದ್ದಾರೆ. ತುರ್ಕಿ ಭಾಷೆಯಲ್ಲಿ ‘ಕೇಫ್’ ಎಂದರೆ ಉಲ್ಲಾಸವೆಂಬ ಅರ್ಥವಿರುವುದು ನಿಜ. ಅದು ‘ಹೇಗೆ’ ಎಂಬರ್ಥದ ಅರಬ್ಬಿ ‘ಕೈಫ’ಕ್ಕೆ ಸಂಬಂಧಿಸಿದ ಪದ. ಹಳ್ಳಿಗಳ ಸ್ಥಳಪುರಾಣ, ಇತಿಹಾಸಗಳ ದಾಖಲೆಗೆ ನಾವು ಬಳಸುವ ‘ಕೈಫಿಯತ್ತು’ ಎಂಬ ಮಾತೂ ಅದೇ ಮೂಲದಿಂದ ಪಾರಸಿಯ ಮೂಲಕ ಕನ್ನಡಕ್ಕೆ ಬಂದದ್ದು. ಆದ್ದರಿಂದ ಈ ವಿವರಣೆ ತುರ್ಕರ ಕಿವಿಗೆ ಮಾತ್ರವಲ್ಲ, ನಮ್ಮ ಕಿವಿಗೂ ಸಹಜವಾಗಿ ಕೇಳಿಸೀತು. ಆದರೆ ಊರಿನ ಹೆಸರು ತುರ್ಕರು ಆ ಸೀಮೆಗೆ ಬರುವುದಕ್ಕಿಂತ ನೂರಾರು ವರ್ಷ ಹಳೆಯದು.

4ನೇ ಶತಮಾನದಲ್ಲಿ ಪರ್ಷಿಯನ್ನರ ವಿರುದ್ಧ ಗಡಿ ಕಾಯಲು ರೋಮನ್ನರು ಇಲ್ಲಿ ಕೋಟೆಯನ್ನು ಹೊಂದಿದ್ದಾಗಲೇ ಇದು ‘ಕೇಫ’ ಎಂಬ ಹೆಸರಿನಿಂದ ಪರಿಚಿತವಾಗಿತ್ತು, ಮತ್ತು 451ರ ವೇಳೆಗೆ ಇಲ್ಲಿಗೊಬ್ಬ ಬಿಷಪ್ ಕೂಡ ಇದ್ದರು. ಆ ಸೀಮೆಯ ಕ್ರೈಸ್ತರ ಭಾಷೆಯಾದ ಸಿರಿಯಾಕ್‌ನಲ್ಲಿ ‘ಕೀಫೊ’ ಎಂದರೆ ಬಂಡೆ. ಯೋಹಾನನ ಸುವಾರ್ತೆಯಲ್ಲಿ ಯೇಸು ಸೀಮೋನನಿಗೆ ಇಡುವ ‘ಕೇಫ’ ಎಂಬ ಹೆಸರು ಕನ್ನಡ ಬೈಬಲ್ ಓದಿದವರಿಗೆ ನೆನಪಿರಬಹುದು. ಗ್ರೀಕಿನಲ್ಲಿ ಪೇತ್ರ ಎಂದಾದ ಆ ಅರಮಾಯಿಕ್ ಪದವೂ ಈ ಊರಿನ ಹೆಸರಿನ ಮೂಲಪದವೂ ಒಂದೇ. 7ನೇ ಶತಮಾನದಲ್ಲಿ ಬಂದ ಅರಬ್ಬರು ಅದಕ್ಕೆ ಕೋಟೆ ಎಂಬರ್ಥದ ‘ಹಿಸ್ನ್’ ಸೇರಿಸಿ ‘ಹಿಸ್ನ್ ಕೈಫಾ’, ಅಂದರೆ ಬಂಡೆಯ ಕೋಟೆ ಎಂದರು. ಇದೇ ಮುಂದೆ ತುರ್ಕರ ನಾಲಗೆಯಲ್ಲಿ ಸವೆದು ಹಸನ್‌ಕೇಫ್ ಆಯಿತು. ಕುರ್ದಿ ಭಾಷಿಕರು ಇಂದಿಗೂ ‘ಹೆಸ್ಕಿಫ್’ ಎನ್ನುತ್ತಾರೆ. ಅದರಲ್ಲಿ ಹಸನನ ಸುಳಿವೇ ಇಲ್ಲ. 20ನೇ ಶತಮಾನದಲ್ಲಿ ತುರ್ಕಿಯ ಸರ್ಕಾರ ಸಾವಿರಾರು ಊರುಗಳ ಕುರ್ದಿ, ಅರ್ಮೇನಿಯನ್, ಗ್ರೀಕ್, ಸಿರಿಯಾಕ್ ಹೆಸರುಗಳನ್ನು ತೆಗೆದು ಹೊಸ ತುರ್ಕಿ ಹೆಸರುಗಳನ್ನು ಇಟ್ಟಾಗಲೂ ಈ ಹೆಸರು ಉಳಿದುಕೊಂಡಿತು.

ಸುಮಾರು 12 ವರ್ಷಗಳ ಹಿಂದೆ ನಾನು ಅಲ್ಲಿಗೆ ಹೋಗಿದ್ದಾಗ ಹೆಸರಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನದಿಯ ಅಂಚಿನಿಂದ ನೆಟ್ಟಗೆ ಮೇಲೆದ್ದ ಸುಣ್ಣಕಲ್ಲಿನ ಬಂಡೆ, ಅದರ ನೆತ್ತಿಯ ಮೇಲೆ ಕೋಟೆ, ಮೈತುಂಬ ಮನುಷ್ಯರು ಕೊರೆದುಕೊಂಡ ಗವಿಮನೆಗಳು. ಕೆಳಗೆ ನೀರಿನಲ್ಲಿ, 12ನೇ ಶತಮಾನದಲ್ಲಿ ಆರ್ತುಕಿದ್ ದೊರೆಗಳು ಕಟ್ಟಿಸಿದ ಸೇತುವೆಯ ದೈತ್ಯ ಕಂಬಗಳು ಮಾತ್ರ ಉಳಿದಿದ್ದವು. ಆ ಬಳಿಕ ಆಳಿದ ಅಯ್ಯೂಬಿದ್ ಮನೆತನದವರು 1409ರಲ್ಲಿ ಕಟ್ಟಿಸಿದ ಮಸೀದಿಯ ಮಿನಾರ್ ದಂಡೆಯ ಮೇಲಿತ್ತು. ಎದುರು ದಡದಲ್ಲಿ, 1473ರ ಒತ್ಲುಕ್‌ಬೇಲಿ ಯುದ್ಧದಲ್ಲಿ ಮಡಿದ ಅಕ್ಕೊಯುನ್ಲು ರಾಜಕುಮಾರ ಜೈನೆಲ್ ಬೇಯ ಸಮಾಧಿ, ನೀಲಿ ಮೆರುಗಿನ ಇಟ್ಟಿಗೆಗಳನ್ನು ಹೊತ್ತು ನಿಂತಿತ್ತು.

ಎರಡನೆಯ ತಪ್ಪು ಇದಕ್ಕಿಂತ ಗಂಭೀರವಾದದ್ದು. ಇಲಿಸು ಅಣೆಕಟ್ಟೆಯಿಂದ ಮುಳುಗಡೆಯಾಗಲಿದ್ದ ‘ಇಡೀ ಪಟ್ಟಣವನ್ನು ಸುರಕ್ಷಿತವಾಗಿ ಸ್ಥಳಾಂತರಿಸಲಾಗಿದೆ’ ಎಂದು ಲೇಖನ ಹೇಳುತ್ತದೆ. 2006ರಲ್ಲಿ ಶಂಕುಸ್ಥಾಪನೆಯಾದ ಈ ಯೋಜನೆಯ ಸಾಲಗಳಿಗೆ ಕೊಟ್ಟಿದ್ದ ಖಾತರಿಯನ್ನು ಜರ್ಮನಿ, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್ ದೇಶಗಳು 2009ರಲ್ಲಿ, ಪರಂಪರೆ ಮತ್ತು ಪರಿಸರ ರಕ್ಷಣೆಯ ಷರತ್ತುಗಳು ಈಡೇರಲಿಲ್ಲವೆಂದು ಹಿಂತೆಗೆದುಕೊಂಡವು. ಆದರೂ ಕೆಲಸ ನಿಲ್ಲಲಿಲ್ಲ. ಊರನ್ನು ಉಳಿಸಬೇಕೆಂದು ಕೆಲವರು ಸಲ್ಲಿಸಿದ್ದ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2019ರಲ್ಲಿ ವಿಚಾರಣೆಗೆ ಅರ್ಹವಲ್ಲವೆಂದು ತಳ್ಳಿಹಾಕಿತು. ಅದೇ ವರ್ಷ ಜುಲೈನಲ್ಲಿ ಜಲಾಶಯ ತುಂಬಲಾರಂಭಿಸಿ, 2020ರ ವಸಂತದ ಹೊತ್ತಿಗೆ ಹಳೆಯ ಊರಿನ ಪೇಟೆಯೂ ಮನೆಗಳೂ ನೀರಿನಡಿ ಸೇರಿದ್ದವು.

ಸ್ಥಳಾಂತರವಾದದ್ದು ಬೆರಳೆಣಿಕೆಯಷ್ಟು ಸ್ಮಾರಕಗಳು ಮಾತ್ರ. 2017ರ ಮೇ ತಿಂಗಳಲ್ಲಿ ಸುಮಾರು 1,100 ಟನ್ ತೂಕದ ಜೈನೆಲ್ ಬೇ ಸಮಾಧಿಯನ್ನು ಇಡಿಯಾಗಿ ಗಾಲಿಗಳ ಮೇಲೆ ಸುಮಾರು 2 ಕಿಲೋಮೀಟರ್ ಸಾಗಿಸಿದ್ದು ಎಂಜಿನಿಯರಿಂಗ್ ದೃಷ್ಟಿಯಿಂದ ದೊಡ್ಡ ಸಾಹಸವೇ ಸರಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸೇತುವೆಯ ಕಂಬಗಳು ನದಿಯಲ್ಲಿಯೇ ಮುಳುಗಿದವು, ಲೆಕ್ಕವಿಲ್ಲದಷ್ಟು ಗವಿಗಳು ಮುಳುಗಿದವು. ಜನರಿಗೆ ಎದುರು ದಡದ ಎತ್ತರದಲ್ಲಿ ಒಂದೇ ಅಚ್ಚಿನ ಮನೆಗಳನ್ನು ಕಟ್ಟಿಕೊಟ್ಟು, ಆ ಬಡಾವಣೆಗೂ ಹಸನ್‌ಕೇಫ್ ಎಂದೇ ಹೆಸರಿಡಲಾಗಿದೆ.

ಹೆಸರಿನ ಅರ್ಥ ತಿಳಿದಿದ್ದರೆ ಲೇಖಕರು ಆ ವಾಕ್ಯವನ್ನು ಬರೆಯುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಹೊಸ ಊರಿನಲ್ಲಿ ‘ಹಿಸ್ನ್’ ಇಲ್ಲ, ‘ಕೇಫ’ವೂ ಇಲ್ಲ. ಆ ಬಂಡೆ ಬುಡವನ್ನು ಜಲಾಶಯದಲ್ಲಿ ಅದ್ದಿಕೊಂಡು, ತಲೆಯ ಮೇಲಿನ ಕೋಟೆಯ ಅವಶೇಷಗಳೊಂದಿಗೆ ಹಳೆಯ ಜಾಗದಲ್ಲಿಯೇ ನಿಂತಿದೆ. ಈ ಎರಡೂ ಅಂಶಗಳನ್ನು ಮುಂದಿನ ಪುರವಣಿಯಲ್ಲಿ ತಿದ್ದುಪಡಿಯಾಗಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ, ಧಾರವಾಡ