ವಾಲ್ಪರೈಸೊದ ಅಜ್ಜಿಗೆ ನಮಸ್ಕಾರ

ಚಿಲಿಯ ವಾಲ್ಪರೈಸೊದಲ್ಲಿ ಕ್ರೂಸ್ ಹಡಗಿನಿಂದ ಇಳಿದು ಊರು ನೋಡಲು ಹೊರಟ ನಮಗೆ ಟುರಿ ಗಡಿಯಾರದ ಬಳಿ ಸಿಕ್ಕ, ಸೊಪ್ಪಿನ ಚೀಲ ಹಿಡಿದಿದ್ದ ಅಜ್ಜಿ, ನಿಮಗೆ ತುಂಬಾ ಧನ್ಯವಾದ. ಗುಡ್ಡಕ್ಕೆ ಹತ್ತುವ ಮೆಟ್ಟಿಲು ನೋಡಿಯೇ ಮಂಡಿನೋವಿನ ಅಮ್ಮ ಸುಸ್ತಾಗಿದ್ದರು. ನೀವೋ, ನನ್ನ ಕೊರಳಲ್ಲಿದ್ದ ಕ್ಯಾಮೆರಾ ಒಳಗಿಡು ಎಂದು ಮೊದಲು ಕೈಸನ್ನೆಯಲ್ಲೇ ಗದರಿದಿರಿ! ಆಮೇಲೆ ಅಮ್ಮನ ಕೈಹಿಡಿದು, ಎದುರಿನ ಸಂದಿಯೊಳಗಿದ್ದ ಕಾನ್ಸೆಪ್ಸಿಯೋನ್ ಲಿಫ್ಟಿಗೆ ಕರೆದೊಯ್ದಿರಿ. 1883ರಲ್ಲಿ ಶುರುವಾದ, ಹಳಿ ಮೇಲೆ ಗುಡ್ಡ ಹತ್ತುವ ಪುಟ್ಟ ಡಬ್ಬಿ ಅದು. ನಾವಾಗಿ ಹುಡುಕಿದ್ದರೆ ಖಂಡಿತ ಸಿಗುತ್ತಿರಲಿಲ್ಲ. ನಮ್ಮಲ್ಲಿ ಚಿಲ್ಲರೆ ಪೆಸೊ ಇರಲಿಲ್ಲ, ಟಿಕೆಟ್ಟಿಗೂ ನೀವೇ ಕೊಟ್ಟಿರಿ. ಡಾಲರ್ ಚಾಚಿದರೆ ಅಮ್ಮನ ಕೆನ್ನೆ ತಟ್ಟಿ ನಡೆದೇಬಿಟ್ಟಿರಿ. ಮೇಲೆ ಜೆರ್ವಸೋನಿ ಕಟ್ಟೆಯಿಂದ ಇಡೀ ಬಂದರು, ನಮ್ಮ ಹಡಗು, ಬಣ್ಣಬಣ್ಣದ ತಗಡಿನ ಮನೆಗಳು, ಎಲ್ಲವನ್ನೂ ಅಮ್ಮ ಕಣ್ತುಂಬ ನೋಡಿದರು. ನಿಮ್ಮ ಹೊಟ್ಟೆ ತಣ್ಣಗಿರಲಿ, ಅಜ್ಜಿ.